ಕೀಲಿಮಣೆಯ ಕನ್ನಡ: ಸಗರನಾಡಿನಲ್ಲೊಂದು ಸುತ್ತು

ಯಾದಗಿರಿಯಾಗಲಿ, ಶಹಾಪುರವಾಗಲಿ, ಸುರಪುರವಾಗಲಿ, ಕಚೇರಿಗಳಿರುವ ಬೀದಿಯಲ್ಲಿ ನಡೆದು ಹೋಗುವವರಿಗೆ ಒಂದು ಬಗೆಯ ಅಂಗಡಿ ಕಣ್ಣಿಗೆ ಬೀಳದೆ ಇರದು. ಹಿಂದೆ ಮರದ ನೆರಳಿನಲ್ಲಿ ಕುಳಿತು ಅರ್ಜಿ ಬರೆದುಕೊಡುತ್ತಿದ್ದವರ ಕಾಲ ಬಹುಮಟ್ಟಿಗೆ ಮುಗಿದಿದೆ. ಅವರ ಸ್ಥಾನವನ್ನು ಒಂದು ಕಂಪ್ಯೂಟರು, ಒಂದು ಪ್ರಿಂಟರು ಮತ್ತು ಒಂದು ಝೆರಾಕ್ಸ್ ಯಂತ್ರ ಆಕ್ರಮಿಸಿವೆ. ಪಹಣಿ ಬೇಕಾದ ರೈತ, ಜಾತಿ ಪ್ರಮಾಣಪತ್ರ ಬೇಕಾದ ವಿದ್ಯಾರ್ಥಿ, ಪಿಂಚಣಿಯ ವಿಚಾರ ತಿಳಿಯಬೇಕಾದ ವೃದ್ಧೆ, ಎಲ್ಲರೂ ಅಲ್ಲಿಗೆ ಬರಲೇಬೇಕು. ಯಂತ್ರದ ಮುಂದೆ ಕುಳಿತ ಯುವಕನ ಬೆರಳುಗಳು ಕೀಲಿಮಣೆಯ ಮೇಲೆ ಓಡುತ್ತವೆ. ಎದುರಿಗೆ ನಿಂತವರು ಉಸಿರು ಬಿಗಿಹಿಡಿದು ಪರದೆಯನ್ನು ನೋಡುತ್ತಾರೆ. ಅವರ ಕೆಲಸವಾಗುವುದೂ ಆಗದಿರುವುದೂ ಅನೇಕ ವೇಳೆ ಒಂದೇ ಒಂದು ಅಕ್ಷರವನ್ನು ಅವಲಂಬಿಸಿರುತ್ತದೆಂದರೆ ಅತಿಶಯೋಕ್ತಿಯಾಗಲಾರದು.

ಆ ಒಂದು ಅಕ್ಷರದ ಕಥೆಯನ್ನು ತಿಳಿಯುವುದು ಎಲ್ಲ ವಾಚಕರಿಗೂ ಉಪಯುಕ್ತ. ಏಕೆಂದರೆ ಇದು ಕಚೇರಿಯ ಬೀದಿಗೆ ಮಾತ್ರ ಸೀಮಿತವಾದ ವಿಷಯವಲ್ಲ. ಮಗನ ಶಾಲೆಯ ಅರ್ಜಿ, ಮಗಳ ಮದುವೆಯ ಕರೆಯೋಲೆ, ಅಜ್ಜನ ಆತ್ಮವೃತ್ತಾಂತ, ಇವೆಲ್ಲ ಇಂದು ಯಂತ್ರದ ಮೂಲಕವೇ ಕನ್ನಡದ ರೂಪ ಪಡೆಯುತ್ತಿವೆ.

ಹಣಮಂತನೋ, ಹನುಮಂತನೋ?

ಕೃಷ್ಣೆ ಮತ್ತು ಭೀಮೆಯರ ನಡುವಿನ ಈ ಸಗರನಾಡಿನಲ್ಲಿ ಹಣಮಂತ ಎಂಬುದು ಬಹಳ ಜನಪ್ರಿಯವಾದ ಹೆಸರು. ಜನರ ಬಾಯಲ್ಲಿ ಅದು ಹಣಮಂತ. ಪುಸ್ತಕದ ಭಾಷೆಯಲ್ಲಿ ಹನುಮಂತ. ಮನುಷ್ಯನಿಗೆ ಈ ಎರಡೂ ಒಂದೇ ಎಂದು ತಿಳಿಯಲು ಕ್ಷಣವೂ ಬೇಡ. ಆದರೆ ಗಣಕಯಂತ್ರಕ್ಕೆ ‘ಣ’ ಬೇರೆ, ‘ನು’ ಬೇರೆ. ಆದುದರಿಂದ ಹಣಮಂತ ಬೇರೆ, ಹನುಮಂತ ಬೇರೆ. ಒಂದು ದಾಖಲೆಯಲ್ಲಿ ಹಣಮಂತನೆಂದೂ ಇನ್ನೊಂದರಲ್ಲಿ ಹನುಮಂತನೆಂದೂ ಬರೆಯಿಸಿಕೊಂಡ ರೈತನೊಬ್ಬ ತನ್ನ ಹೊಲಕ್ಕೆ ತಾನೇ ಪರಕೀಯನಾಗಿ ನಿಲ್ಲಬೇಕಾದ ಪ್ರಸಂಗ ಒದಗುವುದು ಹೀಗೆ.

ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಕ್ಕೆ ಏರಿದ್ದು ಈ ಶತಮಾನದ ಆರಂಭದ ವರ್ಷಗಳಲ್ಲಿ. ಕೈಬರಹದ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ತಿರುಗುತ್ತಿದ್ದ ಗ್ರಾಮಲೆಕ್ಕಿಗನ ಮರ್ಜಿಗೆ ಕಾಯಬೇಕಾಗಿದ್ದ ರೈತನಿಗೆ ಅದು ದೊಡ್ಡ ಬಿಡುಗಡೆಯೇ ಸರಿ. ಆ ಬಳಿಕ ಆಧಾರ್ ಬಂದಿತು. 2019ರಲ್ಲಿ ಕೇಂದ್ರ ಸರ್ಕಾರವು ವರ್ಷಕ್ಕೆ 6,000 ರೂಪಾಯಿಗಳನ್ನು ಮೂರು ಕಂತುಗಳಲ್ಲಿ ರೈತರ ಖಾತೆಗೆ ತುಂಬುವ ಯೋಜನೆಯನ್ನು ಆರಂಭಿಸಿತು. ಒಂದು ದಾಖಲೆಯ ಹೆಸರು ಇನ್ನೊಂದು ದಾಖಲೆಯ ಹೆಸರಿಗೆ ತಾಳೆಯಾಗಬೇಕಾದ ಅಗತ್ಯ ಹೆಚ್ಚುತ್ತ ಹೋಯಿತು. ಒಂದೆಡೆ ಹೆಸರು ಕನ್ನಡದಲ್ಲಿ, ಇನ್ನೊಂದೆಡೆ ಇಂಗ್ಲಿಷಿನಲ್ಲಿ. ಇಂಗ್ಲಿಷಿನ ಒಂದೇ ‘ಎನ್’ ಅಕ್ಷರವನ್ನು ‘ನ’ ಎಂದು ಓದಬೇಕೋ ‘ಣ’ ಎಂದು ಓದಬೇಕೋ ಎಂಬುದನ್ನು ಯಂತ್ರ ಬಲ್ಲದೆ?

ಈ ಸೀಮೆಯ ಕಷ್ಟಕ್ಕೆ ಚರಿತ್ರೆಯ ಕಾರಣವೂ ಉಂಟು. 1948ರವರೆಗೆ ಇದು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ ಆಡಳಿತದ ಭಾಷೆ ಉರ್ದು. ಕನ್ನಡ ನಾಡಿನೊಡನೆ ಕೂಡಿದ್ದು 1956ರಲ್ಲಿ. ಹೀಗಾಗಿ ಒಂದೇ ಮನೆತನದ ಹೆಸರು ತಾತನ ಕಾಲದಲ್ಲಿ ಬಲದಿಂದ ಎಡಕ್ಕೆ ಉರ್ದು ಲಿಪಿಯಲ್ಲಿ, ತಂದೆಯ ಕಾಲದಲ್ಲಿ ಕನ್ನಡದಲ್ಲಿ, ಮಗನ ಕಾಲದಲ್ಲಿ ಇಂಗ್ಲಿಷಿನಲ್ಲಿ ದಾಖಲಾಗಿರುವುದುಂಟು. ಪ್ರತಿಯೊಂದು ಲಿಪ್ಯಂತರದಲ್ಲಿಯೂ ಒಂದೊಂದು ದೀರ್ಘ ಹ್ರಸ್ವವಾಗಿ, ಒಂದೊಂದು ಮಹಾಪ್ರಾಣ ಅಲ್ಪಪ್ರಾಣವಾಗಿ ಬಂದಿದ್ದರೆ ಆಶ್ಚರ್ಯವಿಲ್ಲ.

ಕನ್ನಡದ ವೇಷ ತೊಟ್ಟ ಇಂಗ್ಲಿಷು

ಯಂತ್ರದೊಳಗಿನ ಕನ್ನಡವೆಲ್ಲ ಒಂದೇ ಬಗೆಯದಲ್ಲ. ಇದನ್ನರಿಯದೆ ತೊಂದರೆಗೊಳಗಾದವರು ಬಹು ಮಂದಿ. ಸುರಪುರದಲ್ಲಿ ಅಚ್ಚುಕಟ್ಟಾಗಿ ಬೆರಳಚ್ಚು ಮಾಡಿದ ಪತ್ರವನ್ನು ಯಾದಗಿರಿಯ ಇನ್ನೊಂದು ಯಂತ್ರದಲ್ಲಿ ತೆರೆದರೆ ಕನ್ನಡವೇ ಮಾಯವಾಗಿ, ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು ತುಂಬಿಕೊಂಡಿರುತ್ತವೆ. ‘ಕನ್ನಡ’ ಎಂಬ ಪದವಿರಬೇಕಾದಲ್ಲಿ ಇಂಗ್ಲಿಷಿನ ‘ಪಿ’, ಅದರ ಮಗ್ಗುಲಲ್ಲಿ ನೆತ್ತಿಯ ಮೇಲೆ ಓರೆಗೀಟುಳ್ಳ ‘ಎ’, ಬಳಿಕ ಬ್ರಿಟಿಷರ ಪೌಂಡು ನಾಣ್ಯದ ಗುರುತು ಕಾಣುತ್ತವೆ. ನೋಡಿದವರು ಯಂತ್ರ ಕೆಟ್ಟಿತೆಂದು ತಿಳಿಯುತ್ತಾರೆ.

ಯಂತ್ರ ಕೆಟ್ಟಿರುವುದಿಲ್ಲ. ಮೊದಮೊದಲ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿ ಕೆಲಸ ನಡೆಸಿದ್ದವು. ‘ಪಿ’ ಇರುವಲ್ಲಿ ‘ಕ’ಕಾರದ ಚಿತ್ರ, ಪೌಂಡಿನ ಗುರುತು ಇರುವಲ್ಲಿ ‘ನ’ಕಾರದ ಚಿತ್ರ. ಆ ಚಿತ್ರಗಳ ಕಟ್ಟು, ಎಂದರೆ ಫಾಂಟು, ಇರುವ ಯಂತ್ರದಲ್ಲಿ ಕನ್ನಡ ಕಾಣುತ್ತದೆ. ಇಲ್ಲದ ಯಂತ್ರದಲ್ಲಿ ಬಣ್ಣ ಕಳಚಿದ ನಟನಂತೆ ಒಳಗಿನ ಇಂಗ್ಲಿಷು ಹೊರಬೀಳುತ್ತದೆ. ಅಂದಿನ ಯಂತ್ರಗಳ ಇತಿಮಿತಿಯಲ್ಲಿ ಅದಕ್ಕಿಂತ ಹೆಚ್ಚಿನದು ಸಾಧ್ಯವಿರಲಿಲ್ಲವೆಂಬುದನ್ನೂ ಮರೆಯಬಾರದು.

ಇದಕ್ಕೆ ಪರಿಹಾರವಾಗಿ ಬಂದದ್ದು ಯುನಿಕೋಡ್ ಎಂಬ ಲೋಕಸಮ್ಮತ ವ್ಯವಸ್ಥೆ. 1991ರಲ್ಲಿ ಅದರ ಮೊದಲ ಆವೃತ್ತಿ ಪ್ರಕಟವಾದಾಗಲೇ ಕನ್ನಡಕ್ಕೂ ಸ್ಥಾನ ದೊರೆಯಿತು. 3200ರಿಂದ 3327ರವರೆಗಿನ 128 ಮನೆಗಳು ಕನ್ನಡಕ್ಕೆ ಮೀಸಲು. ‘ಅ’ಕಾರದ ಸಂಖ್ಯೆ 3205, ‘ಕ’ಕಾರದ ಸಂಖ್ಯೆ 3221. ಶಹಾಪುರದಲ್ಲಿ ಬರೆದ ‘ಕ’ ಅಮೆರಿಕದಲ್ಲಿಯೂ ‘ಕ’ವೇ. ಈ ಕ್ರಮದಲ್ಲಿ ಬರೆದುದನ್ನು ಯಂತ್ರ ಹುಡುಕಬಲ್ಲದು, ಅಕಾರಾದಿಯಾಗಿ ಜೋಡಿಸಬಲ್ಲದು, ಗಟ್ಟಿಯಾಗಿ ಓದಿಯೂ ಹೇಳಬಲ್ಲದು. ಹಳೆಯ ಕಡತಗಳನ್ನು ಯುನಿಕೋಡಿಗೆ ಬದಲಾಯಿಸಿಕೊಡುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಮನೆಯಲ್ಲಿ ಹಿರಿಯರ ಬರಹಗಳು ಹಳೆಯ ಫಾಂಟುಗಳಲ್ಲಿ ಉಳಿದಿದ್ದರೆ ಇಂದೇ ಪರಿವರ್ತಿಸಿಕೊಳ್ಳುವುದು ಲೇಸು. ಫಾಂಟು ಕಣ್ಮರೆಯಾದ ದಿನ ಆ ಬರಹಗಳನ್ನು ಓದುವುದೂ ದುಸ್ತರವಾದೀತು.

ಬೆರಳಿಗೆ ಒಗ್ಗಿದ ಮಣೆ

ಕನ್ನಡದ ವರ್ಣಮಾಲೆ ದೊಡ್ಡದು. ಅದಕ್ಕೆ ಕಾಗುಣಿತ, ಒತ್ತಕ್ಷರಗಳು ಸೇರಿದರೆ ಆಕಾರಗಳು ಸಾವಿರಗಟ್ಟಲೆಯಾಗುತ್ತವೆ. ಇವನ್ನು ಇಂಗ್ಲಿಷಿನ 26 ಕೀಲಿಗಳಲ್ಲಿ ಹಿಡಿಸುವುದು ಹೇಗೆ? ಈ ಪ್ರಶ್ನೆಗೆ ಸುಲಭವಾದ ಉತ್ತರವನ್ನಿತ್ತವರು ಮಂಗಳೂರಿನ ಸಮೀಪದ ಕಿನ್ನಿಕಂಬಳದಲ್ಲಿ ಹುಟ್ಟಿದ ಕೆ. ಪಿ. ರಾವ್ ಅವರು. ಒತ್ತಕ್ಷರಗಳಿಗೆ ಪ್ರತ್ಯೇಕ ಕೀಲಿಗಳು ಬೇಡ. ವ್ಯಂಜನ, ಸ್ವರ ಮತ್ತು ಇವೆರಡನ್ನೂ ಬೆಸೆಯುವ ಒಂದು ಕೊಂಡಿ ಇದ್ದರೆ ಸಾಕೆಂಬುದು ಅವರ ಯೋಜನೆಯ ತಿರುಳು. ‘ಕೆ’ ಒತ್ತಿದರೆ ‘ಕ’, ಶಿಫ್ಟ್ ಹಿಡಿದು ಒತ್ತಿದರೆ ‘ಖ’. ‘ಎಫ್’ ಕೀಲಿಯೇ ಕೊಂಡಿ. ‘ಸ್ತ್ರೀ’ ಎಂದು ಬರೆಯಬೇಕಾದರೆ ಸ, ಕೊಂಡಿ, ತ, ಕೊಂಡಿ, ರ, ಕೊನೆಗೆ ಈಕಾರ, ಹೀಗೆ ಆರು ಸಲ ಬೆರಳು ಆಡಿಸಿದರಾಯಿತು. ಬಾಯಿ ನುಡಿಯುವ ಕ್ರಮವನ್ನೇ ಬೆರಳೂ ಅನುಸರಿಸುತ್ತದೆ. ತಮ್ಮ ತಂತ್ರಾಂಶಕ್ಕೆ ಅವರು ಹೆಸರಾಂತ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ ‘ಸೇಡಿಯಾಪು’ ಎಂದೇ ಹೆಸರಿಟ್ಟರು. ಕರ್ನಾಟಕ ಸರ್ಕಾರವು ಮುಂದೆ ಈ ವಿನ್ಯಾಸವನ್ನೇ ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ತಂತ್ರಾಂಶದ ಮೂಲಕ ಅದು ಊರೂರಿನ ಕಚೇರಿಗಳನ್ನು ಮುಟ್ಟಿತು.

ಇದಕ್ಕೂ ಮುಂಚೆ, 1998ರಲ್ಲಿ, ಶೇಷಾದ್ರಿವಾಸು ಅವರು ‘ಬರಹ’ ಎಂಬ ತಂತ್ರಾಂಶವನ್ನು ಉಚಿತವಾಗಿ ಹಂಚಿದ್ದರು. ಇಂಗ್ಲಿಷಿನಲ್ಲಿ ಉಚ್ಚಾರಣೆಯಂತೆ ಬರೆದರೆ ಕನ್ನಡವಾಗಿ ಮೂಡುವ ಆ ಸೌಲಭ್ಯ ಪರದೇಶಗಳಲ್ಲಿದ್ದ ಕನ್ನಡಿಗರಿಗೂ ಪ್ರಿಯವಾಯಿತು. ಇಂದು ಇವುಗಳನ್ನು ಹುಡುಕಿಕೊಂಡು ಹೋಗಬೇಕಾದ ಅಗತ್ಯವೂ ಕಡಮೆ. 2019ರಿಂದೀಚೆಗೆ ವಿಂಡೋಸ್ ವ್ಯವಸ್ಥೆಯಲ್ಲಿಯೇ ಉಚ್ಚಾರಣೆಯನ್ನನುಸರಿಸುವ ಕನ್ನಡ ಕೀಲಿಮಣೆ ಅಡಕವಾಗಿದೆ. ಭಾಷೆಯ ಆಯ್ಕೆಗಳಲ್ಲಿ ಕನ್ನಡವನ್ನು ಸೇರಿಸಿಕೊಂಡು ಆ ಕೀಲಿಮಣೆಯನ್ನು ಆರಿಸಿಕೊಳ್ಳಬಹುದು.

ಕಣ್ಣಿಗೆ ಒಂದು, ಯಂತ್ರಕ್ಕೆ ಆರು

‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯಂತ್ರದ ಲೆಕ್ಕದಲ್ಲಿ ಆರು. ಇದರ ಪರಿಣಾಮವನ್ನು ಕನ್ನಡದಲ್ಲಿ ಬೆರಳಚ್ಚು ಮಾಡುವವರೆಲ್ಲ ಅನುಭವಿಸಿರುತ್ತಾರೆ. ಬಹುತೇಕ ತಂತ್ರಾಂಶಗಳಲ್ಲಿ ಹಿಮ್ಮುಖವಾಗಿ ಅಳಿಸುವ ಕೀಲಿಯನ್ನು ಒತ್ತಿದರೆ ಇಡೀ ಅಕ್ಷರ ಹೋಗುವುದಿಲ್ಲ. ಮೊದಲು ಈಕಾರ, ಬಳಿಕ ‘ರ’, ಬಳಿಕ ಕೊಂಡಿ, ಹೀಗೆ ಈರುಳ್ಳಿಯ ಸಿಪ್ಪೆಯಂತೆ ಒಂದೊಂದೇ ಕಳಚುತ್ತದೆ. ಅಕ್ಷರದ ಮುಂದೆ ನಿಂತು ‘ಡಿಲೀಟ್’ ಒತ್ತಿದರೆ ಮಾತ್ರ ಇಡೀ ಅಕ್ಷರ ಒಮ್ಮೆಗೇ ಮಾಯ. ಮೊದಲನೆಯದು ಕಾಗುಣಿತ ತಿದ್ದಲು ಅನುಕೂಲ, ಎರಡನೆಯದು ಪದವನ್ನೇ ಬದಲಿಸಲು ಅನುಕೂಲ. ಈ ಭೇದ ತಿಳಿದವನಿಗೆ ಇದು ಸೌಕರ್ಯ, ತಿಳಿಯದವನಿಗೆ ಕಿರಿಕಿರಿ.

ಇನ್ನೊಂದು ಸೋಜಿಗವಿದೆ. ‘ರಾಜ್‌ಕುಮಾರ್’ ಎಂದು ಬರೆಯಲು ಹೊರಟರೆ ಯಂತ್ರ ‘ಜ’ಕಾರಕ್ಕೆ ‘ಕ’ಕಾರದ ಒತ್ತನ್ನು ಕೊಟ್ಟು ನಟಸಾರ್ವಭೌಮನ ಹೆಸರನ್ನೇ ವಿಚಿತ್ರಗೊಳಿಸುತ್ತದೆ. ಇವೆರಡನ್ನೂ ಬಿಡಿಸಿ ನಿಲ್ಲಿಸಲು ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಚಿಹ್ನೆಯನ್ನು ನಡುವೆ ಇರಿಸಬೇಕು. ಕೆಲವು ತಂತ್ರಾಂಶಗಳಲ್ಲಿ ಕೊಂಡಿಯ ಕೀಲಿಯನ್ನು ಎರಡು ಸಲ ಒತ್ತಿದರೆ ಅದು ಬರುತ್ತದೆ. ‘ಅರ್ಕ’ ಎಂಬಲ್ಲಿನ ಅರ್ಕಾವತ್ತನ್ನು ಹಾಕುವುದಕ್ಕೂ, ‘ರ’ಕಾರದ ಕೆಳಗೆ ಒತ್ತು ಬರೆಯುವುದಕ್ಕೂ ಇಂತಹುದೇ ಗುಪ್ತ ಚಿಹ್ನೆಯ ವ್ಯತ್ಯಾಸ. ಓದುವವನಿಗೆ ಎರಡೂ ಒಂದೇ ಪದ. ಆದರೆ ಹುಡುಕುವ ತಂತ್ರಾಂಶ ಜಾಣತನದಿಂದ ರಚಿತವಾಗಿರದಿದ್ದರೆ, ಒಂದನ್ನು ಹುಡುಕುವಾಗ ಇನ್ನೊಂದು ಸಿಕ್ಕದು. ಕಣ್ಣಿಗೆ ಸರಿಯಾಗಿಯೇ ಕಾಣುವ ಹೆಸರು ದಾಖಲೆಯಲ್ಲಿ ‘ಇಲ್ಲ’ವೆಂದು ಬರುವ ಸಂದರ್ಭಗಳಿಗೆ ಇದೂ ಒಂದು ಕಾರಣವಾಗಬಲ್ಲದು.

ಡೊನಾಲ್ಡ್ ನಾರ್ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1988ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ದಿನಬಳಕೆಯ ವಸ್ತುಗಳ ರಚನೆಯನ್ನು ಚರ್ಚಿಸಿ, ಬಳಸುವವನು ತಪ್ಪಿದಾಗ ಅವನನ್ನು ದೂಷಿಸುವ ಮೊದಲು ವಸ್ತುವಿನ ರಚನೆಯನ್ನು ಪರೀಕ್ಷಿಸಬೇಕೆಂದು ವಾದಿಸಿದ್ದಾರೆ. ಬಾಗಿಲನ್ನು ನೂಕಬೇಕೋ ಎಳೆಯಬೇಕೋ ತಿಳಿಯದೆ ಜನ ತಬ್ಬಿಬ್ಬಾದರೆ ಅದು ಬಾಗಿಲಿನ ದೋಷ. ಈ ಮಾತು ತಂತ್ರಾಂಶಗಳಿಗೆ ಇನ್ನಷ್ಟು ಅನ್ವಯಿಸುತ್ತದೆ. ಹೊಲದ ಹೆಸರು ತಾಳೆಯಾಗದಿದ್ದಾಗ ‘ತಪ್ಪು ಮಾಹಿತಿ’ ಎಂದು ಕೆಂಪಕ್ಷರದಲ್ಲಿ ಗದರುವ ಬದಲು, ‘ಹಣಮಂತ ಎಂಬ ಹೆಸರೊಂದಿದೆ, ಅದೇ ಇರಬಹುದೆ?’ ಎಂದು ಕೇಳುವ ತಂತ್ರಾಂಶ ಎಷ್ಟು ಜನರ ಓಡಾಟವನ್ನು ತಪ್ಪಿಸೀತು!

ಪರದೆಯ ಮೇಲಿನ ಮಾತುಗಳ ವಿಷಯವೂ ಹೀಗೆಯೇ. ಕಂಪ್ಯೂಟರಿನ ಪರದೆಯನ್ನು ‘ಮೇಜು’ ಎಂದು ಕಲ್ಪಿಸಿ, ಅದರ ಮೇಲೆ ಕಾಗದ, ಕಡತ, ಕಸದಬುಟ್ಟಿಗಳನ್ನಿರಿಸಿದ ಕಲ್ಪನೆ 1981ರ ಝೆರಾಕ್ಸ್ ಸ್ಟಾರ್ ಯಂತ್ರದಿಂದ, ಆ ಬಳಿಕ 1984ರ ಮೆಕಿಂತೋಷ್‌ನಿಂದ ಜಗತ್ತಿಗೆ ಪರಿಚಿತವಾಯಿತು. ಅದು ಅಮೆರಿಕದ ಕಚೇರಿಯ ಮೇಜು. ಗಾದಿಯ ಮೇಲೆ ಕುಳಿತು ಕೆಂಪು ಬಟ್ಟೆಯಲ್ಲಿ ಲೆಕ್ಕದ ಪುಸ್ತಕ ಕಟ್ಟಿಡುತ್ತಿದ್ದ ನಮ್ಮ ವರ್ತಕರ ಮನೆಯದಲ್ಲ. ಲಿಬ್ರೆಆಫೀಸ್ ಮೊದಲಾದ ಉಚಿತ ತಂತ್ರಾಂಶಗಳನ್ನು ಇಂದು ಕನ್ನಡದ ಆದೇಶಗಳೊಡನೆಯೇ ಬಳಸಬಹುದು. ಆದರೂ ಪಹಣಿ, ಜಮಾಬಂದಿ ಎಂಬ ಮಾತುಗಳನ್ನು ನಿತ್ಯ ಆಡುವ ಜನರಿಗೆ ಕೆಲವು ಅನುವಾದಿತ ಪದಗಳು ಇಂಗ್ಲಿಷಿಗಿಂತಲೂ ದೂರವೆನಿಸುವುದುಂಟು. ಪದಗಳನ್ನು ಆಯ್ಕೆಮಾಡುವವರು ಒಂದು ದಿನ ಇಂತಹ ಅಂಗಡಿಯ ಮುಂದೆ ನಿಂತು ಜನರ ಮಾತನ್ನು ಆಲಿಸಿದರೆ ಒಳಿತು.

ನೋಡಲೇಬೇಕಾದ ಕೆಲವು ತಾಣಗಳು

ತೊಂದರೆಗಳ ಮಾತು ಇಷ್ಟು ಸಾಕು. ಅಂತರಜಾಲದಲ್ಲಿ ಕನ್ನಡ ಕಾಲಿರಿಸಿದ್ದು ಇತ್ತೀಚೆಗೇನೂ ಅಲ್ಲ. ಡಾ. ಯು. ಬಿ. ಪವನಜ ಅವರು ‘ವಿಶ್ವಕನ್ನಡ’ ಎಂಬ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದ್ದು 1996ರಷ್ಟು ಹಿಂದೆ. ಕನ್ನಡ ವಿಕಿಪೀಡಿಯ 2003ರಲ್ಲಿ ಮೊದಲಾಯಿತು. ಸಂಜೆಯ ಹೊತ್ತು ಮನೆಮಂದಿಯೆಲ್ಲ ಕುಳಿತು ನೋಡಬಹುದಾದ, ಸ್ವಲ್ಪ ವಿಲಕ್ಷಣವೂ ಬಹಳ ಉಪಯುಕ್ತವೂ ಆದ ಕೆಲವು ತಾಣಗಳನ್ನು ಇಲ್ಲಿ ಪರಿಚಯಿಸಬಹುದು. ಸಗರನಾಡಿನವರಿಗೆ ಅವುಗಳಲ್ಲಿ ತಮ್ಮ ಊರೇ ಎದುರಾದರೆ ಅಚ್ಚರಿಯಿಲ್ಲ.

ಮೊದಲನೆಯದು ‘ವಚನ ಸಂಚಯ’. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳು ಇಲ್ಲಿ ಯುನಿಕೋಡಿನಲ್ಲಿವೆ. ಯಾವುದಾದರೊಂದು ಪದವನ್ನು ಕೊಟ್ಟರೆ ಅದು ಯಾರ ಯಾವ ವಚನದಲ್ಲಿ ಬಂದಿದೆಯೆಂದು ಕ್ಷಣಾರ್ಧದಲ್ಲಿ ತೋರಿಸುತ್ತದೆ. ಆದ್ಯ ವಚನಕಾರರಲ್ಲೊಬ್ಬನಾದ ನೇಕಾರ ದೇವರ ದಾಸಿಮಯ್ಯನ ಊರು ಸುರಪುರ ಸೀಮೆಯ ಮುದನೂರು. ‘ರಾಮನಾಥ’ ಅವನ ಅಂಕಿತ. ನೆಲ, ನೀರು, ಹಸಿವು ಎಂಬ ಪದಗಳನ್ನು ದಾಸಿಮಯ್ಯ ಹೇಗೆ ಬಳಸಿದ್ದಾನೆ, ಬಸವಣ್ಣನವರು ಹೇಗೆ ಬಳಸಿದ್ದಾರೆಂದು ಹೋಲಿಸಲು ಹಿಂದೆ ವಿದ್ವಾಂಸರು ತಿಂಗಳುಗಟ್ಟಲೆ ಚೀಟಿಗಳನ್ನು ಬರೆದಿಡಬೇಕಾಗಿತ್ತು. ಇಂದು ಪ್ರೌಢಶಾಲೆಯ ಹುಡುಗಿಯೂ ಮಾಡಬಲ್ಲಳು.

ಎರಡನೆಯದು ‘ಅಲರ್’ ಎಂಬ ಕನ್ನಡ-ಇಂಗ್ಲಿಷ್ ನಿಘಂಟು. ವಿ. ಕೃಷ್ಣ ಎಂಬುವರು ಏಕಾಂಗಿಯಾಗಿ, ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಶ್ರಮಿಸಿ ಸಂಗ್ರಹಿಸಿದ ಒಂದೂವರೆ ಲಕ್ಷ ಪದಗಳ ಈ ಭಂಡಾರ 2019ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಇದರ ವೈಶಿಷ್ಟ್ಯವೆಂದರೆ ಕ್ಷಮಾಗುಣ. ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೇಗೆ ಬರೆದರೂ ಉಚ್ಚಾರಣೆಯಿಂದ ಊಹಿಸಿ ಹತ್ತಿರದ ಪದಗಳನ್ನು ಮುಂದಿಡುತ್ತದೆ. ಹಣಮಂತ ಮತ್ತು ಹನುಮಂತರ ಸಮಸ್ಯೆಗೆ ಬೇಕಾದ ಬುದ್ಧಿ ಇದೇ ಅಲ್ಲವೆ?

ಮೂರನೆಯದು ‘ಅಕ್ಷರಮುಖ’. ವಿನೋದ್ ರಾಜನ್ ಎಂಬುವರು ರೂಪಿಸಿದ ಈ ತಾಣ ಒಂದು ಲಿಪಿಯ ಬರಹವನ್ನು ಇನ್ನೊಂದು ಲಿಪಿಗೆ ತಿರುಗಿಸುತ್ತದೆ. ನೂರಕ್ಕೂ ಮಿಗಿಲಾದ ಲಿಪಿಗಳುಂಟು, ಬ್ರಾಹ್ಮಿಯೂ ಸೇರಿದೆ. ಯಾದಗಿರಿಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಆಟ ಬೇರೆಯಿಲ್ಲ. ಏಕೆಂದರೆ ಭೀಮಾ ತೀರದ ಸನ್ನತಿ ಅವರಿಗೆ ದೂರವಲ್ಲ. ಅಲ್ಲಿ 1980ರ ದಶಕದಲ್ಲಿ ಅಶೋಕನ ಶಾಸನಗಳು ಬೆಳಕಿಗೆ ಬಂದವು. ನೆರೆಯ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರನ್ನೇ ಕೆತ್ತಿದ ಶಿಲ್ಪ ದೊರೆಯಿತು. ತಮ್ಮ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದುಕೊಂಡು ಸನ್ನತಿಗೆ ಹೋದ ಮಗು ಆ ಕಲ್ಲಿನ ಮೇಲೆ ತನ್ನ ಹೆಸರಿನ ಒಂದೆರಡು ಅಕ್ಷರಗಳನ್ನಾದರೂ ಗುರುತಿಸೀತು.

ನಾಲ್ಕನೆಯದು 1996ರಲ್ಲಿ ಸ್ಥಾಪಿತವಾದ ‘ಇಂಟರ್ನೆಟ್ ಆರ್ಕೈವ್’. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳ ಮಹಾಸಾಗರವಿದು. ಸುರಪುರದ ಬಾಲರಾಜ ವೆಂಕಟಪ್ಪ ನಾಯಕನ ಕಾಲದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಆ ಸಂಸ್ಥಾನದ ದಿನಗಳನ್ನು ವಿಸ್ತಾರವಾಗಿ ಬರೆದಿದ್ದಾನೆ. ಅವನ ಮರಣಾನಂತರ 1877ರಲ್ಲಿ ಪ್ರಕಟವಾದ ಆ ಇಂಗ್ಲಿಷ್ ಪುಸ್ತಕವನ್ನು ಇಲ್ಲಿ ಪುಟಪುಟವಾಗಿ ಓದಬಹುದು. ಅವನ ಮನೆ ‘ಟೇಲರ್ ಮಂಜಿಲ್’ ಇಂದಿಗೂ ಸುರಪುರದಲ್ಲಿದೆ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ನಿಂತ ರಾಜನ ಚಿತ್ರವನ್ನು ಬ್ರಿಟಿಷನೊಬ್ಬನ ಲೇಖನಿಯಿಂದ ಓದುವಾಗ ಎಚ್ಚರವೂ ಬೇಕು, ಕುತೂಹಲವೂ ಬೇಕು.

ಐದನೆಯದು ನಮ್ಮ ಇಸ್ರೋ ಸಂಸ್ಥೆ 2009ರಲ್ಲಿ ಆರಂಭಿಸಿದ ‘ಭುವನ್’. ಉಪಗ್ರಹಗಳು ತೆಗೆದ ಚಿತ್ರಗಳಲ್ಲಿ ನಮ್ಮ ಊರು, ಕೆರೆ, ಕಾಲುವೆಗಳನ್ನು ಮೇಲಿನಿಂದ ನೋಡಬಹುದು. ಶಹಾಪುರದವರು ಮಲಗಿದ ಬುದ್ಧನ ಬೆಟ್ಟವನ್ನು ನೆಲದಿಂದ ನೋಡಿ ಬಲ್ಲರು; ಆಕಾಶದಿಂದ ಅದು ಬೇರೆಯೇ. ಸಮೀಪದ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾ ಸಂಸ್ಕೃತಿಯ ಜನರು ಸಾಲುಸಾಲಾಗಿ ಇರಿಸಿದ ಬಂಡೆಗಳಿವೆ. ಆ ತಾಣವನ್ನು ನಕ್ಷೆಯಲ್ಲಿ ಹುಡುಕಿ ಗುರುತಿಸುವುದೇ ರಜಾದಿನಕ್ಕೊಂದು ಒಳ್ಳೆಯ ಒಗಟು. ಬಂಡೆಗಳನ್ನು ಸಾಲಿನಲ್ಲಿಟ್ಟವರು ಯಾವ ಲೆಕ್ಕದಿಂದ ಇಟ್ಟರೆಂಬ ಪ್ರಶ್ನೆ ಹುಟ್ಟಿದರಂತೂ ಪ್ರಯತ್ನ ಸಾರ್ಥಕ.

ಕೊನೆಯದಾಗಿ, ಕೇವಲ ಸಂತೋಷಕ್ಕಾಗಿ ‘ರೇಡಿಯೋ ಗಾರ್ಡನ್’. 2016ರಲ್ಲಿ ನೆದರ್‌ಲ್ಯಾಂಡ್ಸಿನಲ್ಲಿ ಹುಟ್ಟಿದ ಈ ತಾಣದಲ್ಲಿ ಭೂಗೋಳವೊಂದು ತೇಲುತ್ತಿರುತ್ತದೆ. ಅದನ್ನು ತಿರುಗಿಸಿ ಹಸಿರು ಚುಕ್ಕೆಯ ಮೇಲೆ ನಿಂತರೆ ಆ ಊರಿನ ಬಾನುಲಿ ಆಗಲೇ ಕೇಳುತ್ತದೆ. ಯಾವ ಸೂಚನೆಯೂ ಇಲ್ಲ, ಕಲಿಯಬೇಕಾದ್ದೂ ಇಲ್ಲ. ಓದುಬರಹವಿಲ್ಲದ ಅಜ್ಜಿಯೂ ಮೊಮ್ಮಗನ ಪಕ್ಕದಲ್ಲಿ ಕುಳಿತು ಜಗತ್ತನ್ನು ಸುತ್ತಬಹುದು. ತಂತ್ರಾಂಶ ಎಷ್ಟು ಸರಳವಾಗಿರಬಹುದೆಂಬುದಕ್ಕೆ ಇದೊಂದು ಮಾದರಿ.

ಒಂದೆರಡು ಹಿತವಚನಗಳು

ಹೀಗೆ ಸುತ್ತುವಾಗ ಜಾಗರೂಕತೆಯೂ ಅಗತ್ಯ. ಸರ್ಕಾರದ ಸೇವೆಯೆಂದು ನಂಬಿಸಿ ಹಣ ಕೇಳುವ ನಕಲಿ ತಾಣಗಳಿವೆ. ವಿಳಾಸವನ್ನು ಅಕ್ಷರಶಃ ಓದಿ ನೋಡಬೇಕು. ಮೇಲೆ ಹೇಳಿದ ತಾಣಗಳನ್ನು ನೋಡಲು ಬ್ಯಾಂಕಿನ ವಿವರವಾಗಲಿ, ದೂರವಾಣಿಗೆ ಬರುವ ಗುಪ್ತಸಂಖ್ಯೆಯಾಗಲಿ ಬೇಕಿಲ್ಲ. ಅವುಗಳನ್ನು ಕೇಳಿದ ತಾಣವನ್ನು ಒಡನೆಯೇ ಮುಚ್ಚುವುದು ಕ್ಷೇಮ.

ಅದಕ್ಕಿಂತ ಮುಖ್ಯವಾದುದು ಮನೆಯ ದಾಖಲೆಗಳ ವಿಚಾರ. ಪಹಣಿ, ಆಧಾರ್, ಬ್ಯಾಂಕಿನ ಪುಸ್ತಕ, ಶಾಲೆಯ ಪ್ರಮಾಣಪತ್ರ, ಈ ನಾಲ್ಕನ್ನೂ ಒಂದು ಭಾನುವಾರ ಪಕ್ಕಪಕ್ಕದಲ್ಲಿರಿಸಿ, ಪ್ರತಿಯೊಬ್ಬರ ಹೆಸರನ್ನೂ ಒಂದೊಂದೇ ಅಕ್ಷರವಾಗಿ ಹೋಲಿಸಿ ನೋಡಬೇಕು. ವ್ಯತ್ಯಾಸವಿದ್ದರೆ ಅವಸರವಿಲ್ಲದ ದಿನಗಳಲ್ಲಿಯೇ ತಿದ್ದಿಸಿಕೊಳ್ಳಬೇಕು. ಸಾಲಕ್ಕೋ, ಮಗಳ ವಿದ್ಯಾರ್ಥಿವೇತನಕ್ಕೋ ಕೊನೆಯ ದಿನ ಸಮೀಪಿಸಿದಾಗ ಅಂಗಡಿಯ ಯುವಕನೂ ಅಸಹಾಯಕ, ಅಧಿಕಾರಿಯೂ ಅಸಹಾಯಕ.

ಕೆ. ಪಿ. ರಾವ್, ಶೇಷಾದ್ರಿವಾಸು, ವಿ. ಕೃಷ್ಣ ಮೊದಲಾದವರು ತಾವಾಗಿಯೇ ಮುಂದೆ ಬಂದು ಮಾಡಿದ ಕೆಲಸದಿಂದ ಕನ್ನಡ ಯಂತ್ರದೊಳಗೆ ನೆಲೆ ಕಂಡಿತು. ಉಳಿದಿರುವ ಕೆಲಸ ಕಡಮೆಯೇನಲ್ಲ. ಊರಿನ ಹೆಸರುಗಳು, ಊರಿನ ಮಾತುಗಳು, ಊರಿನ ಕಾಗುಣಿತಗಳು ತಂತ್ರಾಂಶ ಬರೆಯುವವರ ಗಮನಕ್ಕೆ ಬರಬೇಕಾಗಿದೆ. ಅದನ್ನು ಅವರಿಗೆ ತಿಳಿಸಬಲ್ಲವರು ಬೆಂಗಳೂರಿನಲ್ಲಿಲ್ಲ. ಯಾದಗಿರಿ, ಶಹಾಪುರ, ಸುರಪುರಗಳ ಶಾಲೆ ಕಾಲೇಜುಗಳಲ್ಲಿ ಇಂದು ಕೀಲಿಮಣೆಯ ಮೇಲೆ ಮೊದಲ ‘ಅ’ಕಾರವನ್ನು ತಿದ್ದುತ್ತಿದ್ದಾರೆ.